ಮೂರನೇ ಸ್ಲೈಡು

ನಿಮ್ಮ ರಕ್ತದ ಬಿಳಿ ಕಣಗಳಿಗೆ ಕಣ್ಣಿಲ್ಲ. ಇಷ್ಟು ಹೊತ್ತಿಗೆ ಇದು ನಿಮಗೆ ಗೊತ್ತಿರಬೇಕಿತ್ತು.

ಶಾಲೆಯ ಪುಸ್ತಕದಲ್ಲಿ ಅವನ್ನು ಸೈನಿಕರಂತೆ ಬರೆದು ತೋರಿಸಿದರು. ಮೈಯೊಳಗೆ ಹೊಕ್ಕ ರೋಗಾಣುವನ್ನು ಅಟ್ಟಿಸಿಕೊಂಡು ಹೋಗಿ ನುಂಗುತ್ತವೆ ಎಂದರು. ನೀವು ಬಾಯಿಪಾಠ ಮಾಡಿ, ಅಂಕ ತೆಗೆದುಕೊಂಡು, ಮರೆತಿರಿ. ನುಂಗುವುದು ನಿಜ. ಆದರೆ ಹೊರಗಿನಿಂದ ಬಂದದ್ದರ ಮೈ ಜಾರುತ್ತದೆ. ಬಿಳಿ ಕಣ ಅದರ ಪಕ್ಕದಲ್ಲೇ ಹಾದು ಹೋದರೂ ಹಿಡಿತ ಸಿಗುವುದು ಕಷ್ಟ. ರಕ್ತ ಹೆಪ್ಪುಗಟ್ಟಿದಾಗ ತಿಳಿಯಾಗಿ ಬೇರೆ ನಿಲ್ಲುವ ಹಳದಿ ನೀರಿದೆಯಲ್ಲ, ಸೀರಮ್, ಅದರಲ್ಲಿರುವ ಕೆಲವು ಪದಾರ್ಥಗಳು ಮೊದಲು ಹೋಗಿ ಆ ಜಾರುವ ಮೈಗೆ ಮೆತ್ತಿಕೊಳ್ಳಬೇಕು. ಆಮೇಲೆಯೇ ಬಿಳಿ ಕಣ ಅದನ್ನು ಗಬಕ್ಕನೆ ಹಿಡಿಯುವುದು. ಪುಸ್ತಕದಲ್ಲಿ ಆ ಪದಾರ್ಥಗಳಿಗೆ ಆಪ್ಸೋನಿನ್ ಎಂಬ ಹೆಸರಿದೆ. ಎಣಿಕೆಯಕ್ಕನ ಬಾಯಲ್ಲಿ ಅದಕ್ಕಿದ್ದ ಹೆಸರು ಬೂದಿ.

ಎಣಿಕೆಯಕ್ಕನ ತಾಯಿ ಮೀನು ಮಾರುತ್ತಿದ್ದಳು. ಹಾವಿನ ಹಾಗೆ ಉದ್ದಕ್ಕೆ ಇರುವ ಒಂದು ಜಾತಿಯ ಮೀನು ಎಷ್ಟು ಗಟ್ಟಿಯಾಗಿ ಹಿಡಿದರೂ ಕೈಯಿಂದ ಪುಳಕ್ಕನೆ ಜಾರಿ ಚರಂಡಿಗೆ ಬೀಳುತ್ತಿತ್ತು. ತಾಯಿ ಪಕ್ಕದ ಡಬ್ಬದಿಂದ ಒಂದು ಹಿಡಿ ಒಲೆಬೂದಿ ತೆಗೆದು ಮೀನಿನ ಮೈಗೆ ಸವರುವಳು. ಅಷ್ಟೇ, ಅದೇ ಮೀನು, ಅದೇ ಕೈ, ಈಗ ಹಿಡಿದರೆ ಹಿಡಿದ ಹಾಗೇ. ಬೋರಲು ಹಾಕಿದ ಬುಟ್ಟಿಯ ಮೇಲೆ ಕೂತು ಇದನ್ನು ನೋಡುತ್ತ ಬೆಳೆದ ಹುಡುಗಿ ಮುಂದೆ ಆಸ್ಪತ್ರೆಯ ಲ್ಯಾಬಿಗೆ ಟೆಕ್ನಿಷಿಯನ್ ಆಗಿ ಸೇರಿದಳು. ಅಲ್ಲಿ ದೊಡ್ಡ ಡಾಕ್ಟರು ಬೋರ್ಡಿನ ಮೇಲೆ ಮುಕ್ಕಾಲು ಗಂಟೆ ಬಾಣದ ಗುರುತು ಎಳೆದು ಈ ವಿಷಯ ವಿವರಿಸಿದಾಗ ಮೂಲೆಯಿಂದ ಕೈ ಎತ್ತಿದಳು.

"ಅಂದ್ರೆ ಬೂದಿ ಸವರೋದು ಅಲ್ವಾ ಸಾರ್?"

ಎಲ್ಲರೂ ನಕ್ಕರು. ದೊಡ್ಡ ಡಾಕ್ಟರು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, "ಹೌದು. ನಾನು ಇಷ್ಟು ಹೊತ್ತು ಗಂಟಲು ಹರ್ಕೊಂಡಿದ್ದು ಅದನ್ನೇ ಹೇಳೋಕೆ," ಎಂದರು. ಅವರು ಕೆಟ್ಟವರಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅವರ ಮೇಲೆ ನಿಮಗೆ ಸಿಟ್ಟು ಬರಲಿದೆ.

ಆ ಲ್ಯಾಬು ಇದ್ದದ್ದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ. ಅರ್ಧ ಕಿಟಕಿ ರಸ್ತೆಯ ಮಟ್ಟಕ್ಕಿತ್ತು. ಹೋಗಿ ಬರುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಯಾರ ಚಪ್ಪಲಿ ಎಳೆಯುತ್ತದೆ, ಯಾರ ಬೂಟಿನ ಹಿಮ್ಮಡಿ ಸವೆದಿದೆ ಎಂದು ನೋಡಿ ಮೇಲೆ ಯಾವ ಡಾಕ್ಟರು ಬಂದರು ಎಂದು ಎಣಿಕೆಯಕ್ಕ ಹೇಳಬಲ್ಲವಳಾಗಿದ್ದಳು. ಬೆಳಿಗ್ಗೆ ಎಂಟೂವರೆಗೆ ಅವಳು ಬ್ರೆಡ್ ಉಬ್ಬಿಸುವ ಯೀಸ್ಟನ್ನು ಪುಟ್ಟ ಗಾಜಿನ ಕೊಳವೆಯಲ್ಲಿ ಕುದಿಸುತ್ತಿದ್ದಳು. ಇಡೀ ಮೊಗಸಾಲೆಗೆ ಬೇಕರಿಯ ವಾಸನೆ. ತಿಂಡಿ ತಿನ್ನದೆ ಬಂದವರೆಲ್ಲ ಅವಳಿಗೆ ಬೈದುಕೊಂಡು ಓಡಾಡುತ್ತಿದ್ದರು. ಈಗಲೂ ಆ ಕಾಲದವರು ಯಾರಾದರೂ ಸಿಕ್ಕರೆ ಮೊದಲು ನೆನೆಯುವುದು ಆ ವಾಸನೆಯನ್ನೇ.

ಅವಳ ಕೆಲಸ ಹೀಗೆ. ರೋಗಿಯ ಬಿಳಿ ಕಣಗಳನ್ನು ಬೇರ್ಪಡಿಸುವುದು. ಅದಕ್ಕೆ ಸತ್ತ ಯೀಸ್ಟು, ಸ್ವಲ್ಪ ಸೀರಮ್ ಸೇರಿಸಿ ಮೈಯ ಬಿಸಿಯಷ್ಟೇ ಬಿಸಿಯಲ್ಲಿ ಅರ್ಧ ಗಂಟೆ ಇಡುವುದು. ಆಮೇಲೆ ಒಂದು ಹನಿ ಸ್ಲೈಡಿನ ಮೇಲೆ ಎಳೆದು, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೂರು ಬಿಳಿ ಕಣ ಎಣಿಸುವುದು. ನೂರರಲ್ಲಿ ಎಷ್ಟು ಕಣದ ಹೊಟ್ಟೆಯಲ್ಲಿ ಯೀಸ್ಟು ಇದೆ? ಎಡಗೈಯಲ್ಲಿ ಟಕ್ ಟಕ್ ಎನ್ನುವ ಕೌಂಟರು, ಬಲಗೈ ಫೋಕಸ್ ಸರಿಮಾಡುವ ತಿರುಪಿನ ಮೇಲೆ. ಎಣಿಸುವಾಗ ಕೆಮ್ಮು ಬಂದರೂ ನುಂಗಿಕೊಳ್ಳುತ್ತಿದ್ದಳು. ಹೊರಗೆ ತರಕಾರಿ ಕೊಳ್ಳುವಾಗಲೂ ನಿಂಬೆಹಣ್ಣನ್ನು ಹೆಬ್ಬೆರಳು ಆಡಿಸಿ ಆಡಿಸಿ ಎಣಿಸುವಳು. ಹೆಸರು ಬಿದ್ದದ್ದು ಹಾಗೆ.

ಪ್ರತಿ ರೋಗಿಗೆ ಮೂರು ಸ್ಲೈಡು. ಮೊದಲನೆಯದರಲ್ಲಿ ರೋಗಿಯ ಕಣ, ರೋಗಿಯ ಸೀರಮ್. ಎರಡನೆಯದರಲ್ಲಿ ರೋಗಿಯ ಕಣಕ್ಕೆ ಆರೋಗ್ಯವಂತರ ಸೀರಮ್. ಮೊದಲನೆಯದು ಉಪವಾಸ ಬಿದ್ದು ಎರಡನೆಯದು ಹೊಟ್ಟೆ ತುಂಬ ತಿಂದರೆ ಕಣದಲ್ಲಿ ತಪ್ಪಿಲ್ಲ, ಬೂದಿ ಇಲ್ಲ ಎಂದರ್ಥ. ಎರಡೂ ಉಪವಾಸವಾದರೆ ಕಣವೇ ಕೈಲಾಗದ್ದು. ಮೂರನೆಯದರಲ್ಲಿ ಆರೋಗ್ಯವಂತರ ಕಣಕ್ಕೆ ಆರೋಗ್ಯವಂತರದೇ ಸೀರಮ್. ಇದು ರೋಗಿಯ ಪರೀಕ್ಷೆಯಲ್ಲ, ಪರೀಕ್ಷೆ ಮಾಡುವವರ ಪರೀಕ್ಷೆ. ಇದರಲ್ಲೂ ಕಣ ತಿನ್ನದಿದ್ದರೆ ಎಡವಟ್ಟು ಲ್ಯಾಬಿನದೇ.

ಆ ಆರೋಗ್ಯವಂತರು ಯಾರೆಂದರೆ ಎಣಿಕೆಯಕ್ಕನೇ. ಅವಳದು ಎಬಿ ಗುಂಪಿನ ರಕ್ತ. ಆ ಗುಂಪಿನ ಸೀರಮ್ ಬೇರೆ ಯಾವ ಗುಂಪಿನ ಕಣದ ಜೊತೆಗೂ ಜಗಳ ಆಡುವುದಿಲ್ಲ. ಆದರೆ ಆ ರಕ್ತವನ್ನು ರಕ್ತವಾಗಿಯೇ ಕೊಡುವುದಾದರೆ ತನ್ನ ಗುಂಪಿನವರಿಗೆ ಬಿಟ್ಟು ಬೇರೆಯವರಿಗೆ ಬರುವುದಿಲ್ಲ. ತೆಗೆದುಕೊಳ್ಳುವುದಾದರೆ ಎಲ್ಲರದ್ದೂ ಆಗುತ್ತದೆ. ಈ ಸಂಗತಿ ಅವಳ ನಾದಿನಿಯ ಕಿವಿಗೆ ಬಿದ್ದ ದಿನದಿಂದ ಮನೆಯಲ್ಲಿ ಒಂದು ಹಾಡೇ ಆಗಿಹೋಯಿತು.

"ನಮ್ಮ ಅತ್ತಿಗೆ ರಕ್ತದಲ್ಲೇ ಬಂದಿದೆ ಬಿಡಣ್ಣ. ಇಸ್ಕೊಳ್ಳೋಕೆ ಎಲ್ಲರೂ ಬೇಕು, ಕೊಡೋದು ಅಂದ್ರೆ ಕೈ ಮುದುಡ್ಕೊಳ್ಳತ್ತೆ."

ಇನ್ನು ಅವಳ ಹಳೆಯ ಚಾಳಿಯೊಂದನ್ನು ಹೇಳಬೇಕು. ಈ ಮೇಜಿಗೆ ಬರುವ ಮೊದಲು ಹನ್ನೆರಡು ವರ್ಷ ಅವಳು ಎದುರಿನ ಮೇಜಿನಲ್ಲಿ ಬೇರೆ ಬಗೆಯ ರಕ್ತ ಪರೀಕ್ಷೆ ಮಾಡುತ್ತಿದ್ದಳು. ಅಲ್ಲಿ ಕಾನೂನು ತಿರುಗುಮುರುಗು. ಸೀರಮ್ಮಿನೊಳಗಿನ ಈ ಬೂದಿ ಅಲ್ಲಿನ ಪರೀಕ್ಷೆಗೆ ಅಡ್ಡಗಾಲು. ಹಾಗಾಗಿ ಕೈಗೆ ಬಂದ ಸೀರಮ್ಮನ್ನೆಲ್ಲ ಮೊದಲು ಐವತ್ತಾರು ಡಿಗ್ರಿ ಬಿಸಿನೀರಿನ ಪೆಟ್ಟಿಗೆಯಲ್ಲಿ ಅರ್ಧ ಗಂಟೆ ಅದ್ದಬೇಕು. ಬೂದಿಯ ಮುಖ್ಯ ಸತ್ವ ಅಷ್ಟು ಬಿಸಿಗೆ ಸತ್ತುಹೋಗುತ್ತದೆ. ಈ ಹೊಸ ಮೇಜಿನಲ್ಲಿ ಅದೇ ಸೀರಮ್ಮನ್ನು ಐಸಿನ ಬಟ್ಟಲಲ್ಲಿ ಕೂಸಿನ ಹಾಗೆ ಕಾಪಾಡಬೇಕು. ತಲೆಗೆ ಇದು ಗೊತ್ತಿತ್ತು. ಹನ್ನೆರಡು ವರ್ಷ ಒಂದೇ ದಿಕ್ಕಿಗೆ ಚಾಚಿದ ಕೈಗೆ ಗೊತ್ತಾಗಲು ಹೊತ್ತು ಬೇಕಿತ್ತು.

ಆ ಬುಧವಾರ ಮಕ್ಕಳ ವಾರ್ಡಿನಿಂದ ಹತ್ತು ತಿಂಗಳ ಹೆಣ್ಣು ಮಗುವಿನ ರಕ್ತ ಬಂತು. ಕಿವಿಯಲ್ಲಿ ಕೀವು, ಮೈಯಲ್ಲಿ ಕುರು, ಎದೆಯಲ್ಲಿ ಕಫ; ಒಂದು ವಾಸಿಯಾಯಿತು ಎನ್ನುವಷ್ಟರಲ್ಲಿ ಇನ್ನೊಂದು. ಆಸ್ಪತ್ರೆ ಸೇರಿದ್ದು ಆಗಲೇ ಮೂರನೇ ಸಲ. ತಾಯಿ ಬಟ್ಟೆ ಇಸ್ತ್ರಿ ಮಾಡುವವಳು. ಮಗುವನ್ನು ಹೆಗಲಿಗೆ ಹಾಕಿಕೊಂಡು ಲ್ಯಾಬಿನ ಬಾಗಿಲಲ್ಲಿ ನಿಂತವಳು ಒಳಗೆ ಬಗ್ಗಿ ನೋಡಿ, "ಇಲ್ಲಿ ಬ್ರೆಡ್ ಬೇಯಿಸ್ತೀರಾ ಮೇಡಂ?" ಎಂದು ಕೇಳಿದ್ದಳು. ಆ ಸ್ಥಿತಿಯಲ್ಲೂ ಕೇಳಿದ್ದಳು.

ಅಂದು ಎದುರಿನ ಮೇಜಿನವರು ರಜೆ. ಅವರ ಕೆಲಸವೂ ಎಣಿಕೆಯಕ್ಕನ ತಲೆಗೇ ಬಂದಿತ್ತು. ಅವರ ಸೀರಮ್ ಟ್ಯೂಬುಗಳ ಸ್ಟ್ಯಾಂಡು ಬಿಸಿನೀರಿಗೆ ಹೋಗಬೇಕು, ಮಗುವಿನದ್ದೂ ತನ್ನದೂ ಐಸಿಗೆ ಹೋಗಬೇಕು. ಕೆಲಸ ಮುಗಿಯುವ ಮೊದಲೇ ದೊಡ್ಡ ಡಾಕ್ಟರು ಎರಡು ಸಲ ಬಂದು ಇಣುಕಿದರು. "ಮಗುವಿಂದು ಏನಾಯ್ತು? ಮಧ್ಯಾಹ್ನ ಮೀಟಿಂಗಲ್ಲಿ ಹೇಳ್ಬೇಕು ನಾನು."

ಆ ಅವಸರದಲ್ಲಿ ಎಣಿಕೆಯಕ್ಕ ಮೂರನೇ ಸ್ಲೈಡು ಕೈಬಿಟ್ಟಳು. ಆರು ವರ್ಷದಲ್ಲಿ ಅದು ಒಂದು ಸಲವೂ ತಪ್ಪಿರಲಿಲ್ಲ. ತನ್ನ ಕಣ ತನ್ನ ಸೀರಮ್ಮಿನಲ್ಲಿ ಯಾವತ್ತೂ ನೂರಕ್ಕೆ ತೊಂಬತ್ತು ತಿನ್ನುತ್ತಿತ್ತು. ಗೊತ್ತಿರುವುದನ್ನೇ ಮತ್ತೆ ಎಣಿಸುವುದೇನು?

ಮೊದಲ ಸ್ಲೈಡು: ನೂರಕ್ಕೆ ಏಳು. ಎರಡನೆಯದು: ನೂರಕ್ಕೆ ಹನ್ನೊಂದು. ಎರಡೂ ಉಪವಾಸ. ಬಿಳಿ ಕಣವೇ ಕೈಲಾಗದ್ದು ಎಂದು ವರದಿ ಹೋಯಿತು. ಕೆಳಗೆ ದೊಡ್ಡ ಡಾಕ್ಟರ ಸಹಿ. ಆ ಕಾಲದಲ್ಲಿ ಆ ಊರಿನಲ್ಲಿ ಅದಕ್ಕೆ ಮದ್ದಿರಲಿಲ್ಲ.

ಸಂಜೆ ಮನೆಯಲ್ಲಿ ಒಣಗಿದ ಬಟ್ಟೆ ಮಡಿಸುತ್ತ ಗಂಡನಿಗೆ ಹೇಳಿದಳು. ಗಂಡ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು.

"ಒಂದು ಮಗು ರೀ. ಪಾಪ. ಕಣಾನೇ ಸರಿಯಿಲ್ಲ. ಇವತ್ತು ಕೆಲಸ ಎಷ್ಟಿತ್ತು ಅಂದ್ರೆ ಮೂರನೇ ಸ್ಲೈಡ್ ಕೂಡ ಮಾಡ್ಲಿಲ್ಲ ನಾನು."

"ಮೂರನೇದು ಅಂದ್ರೆ? ನಿನ್ನ ರಕ್ತ ನೀನೇ ನೋಡ್ಕೊಳ್ಳೋದಾ?"

"ಹೂಂ. ಅದು ಯಾವಾಗ್ಲೂ ಸರೀನೇ ಇರತ್ತೆ."

ಮೇಷ್ಟ್ರು ಕಾಲುಚೀಲದ ಜೋಡಿ ಹುಡುಕುತ್ತಿದ್ದವನು ತಲೆ ಎತ್ತಿದ. "ನನ್ನ ಕಾರಲ್ಲಿ ಪಕ್ಕದ ಸೀಟ್ ಕೆಳಗೂ ಒಂದು ಬ್ರೇಕ್ ಇದೆ, ನೋಡಿದೀಯಲ್ಲ. ಹೋದ ವರ್ಷ ಪೂರ್ತಿ ಅದನ್ನ ಮೂರು ಸಲ ತುಳಿದಿರ್ಬೇಕು. ಹಾಗಂತ ಕಿತ್ತು ಗುಜರಿಗೆ ಹಾಕ್ಲಾ?"

"ಶುರುವಾಯ್ತು ನಿಮ್ಮ ಬ್ರೇಕ್ ಪುರಾಣ."

"ಪುರಾಣ ಅಲ್ಲ ಮಾರಾಯ್ತಿ. ನಿನ್ನ ಹಸಿರು ಕಾಲುಚೀಲ ಒಂದೇ ಇದೆ, ಇನ್ನೊಂದೆಲ್ಲಿ?"

ಮಾತು ಕಾಲುಚೀಲದ ಕಡೆ ಹೊರಳಿತು. ಗುರುವಾರ ಹೋಯಿತು, ಶುಕ್ರವಾರ ಹೋಯಿತು.

ಆ ಲ್ಯಾಬಿನಲ್ಲಿ ಒಂದು ಪದ್ಧತಿಯಿತ್ತು. ಬಿಸಿನೀರಿನ ಪೆಟ್ಟಿಗೆಗೆ ಟ್ಯೂಬು ಇಳಿಸುವವರು ಎಷ್ಟು ಟ್ಯೂಬು, ಎಷ್ಟು ಹೊತ್ತಿಗೆ ಎಂದು ಒಂದು ಚೀಟಿ ಬರೆದು ಮುಚ್ಚಳದ ಕೊಕ್ಕೆಗೆ ಸಿಕ್ಕಿಸಬೇಕು. ಶನಿವಾರ ಬೆಳಿಗ್ಗೆ ವಾರದ ಚೀಟಿಗಳನ್ನೆಲ್ಲ ರಿಜಿಸ್ಟರಿನ ಜೊತೆ ತಾಳೆ ನೋಡಿ ಹರಿದು ಹಾಕುವುದು. ಬೇರೆಯವರು ನೋಡಿದ ಶಾಸ್ತ್ರ ಮಾಡಿ ಹರಿಯುತ್ತಿದ್ದರು. ಎಣಿಕೆಯಕ್ಕನ ಹೆಬ್ಬೆರಳಿಗೆ ಶಾಸ್ತ್ರ ಗೊತ್ತಿರಲಿಲ್ಲ.

ಬುಧವಾರದ ಚೀಟಿಯಲ್ಲಿ ಅವಳದೇ ಕೈಬರಹ: ಇಪ್ಪತ್ತನಾಲ್ಕು. ರಿಜಿಸ್ಟರಿನಲ್ಲಿ ಇಪ್ಪತ್ತಮೂರು ಹೆಸರು.

ಮತ್ತೆ ಎಣಿಸಿದಳು. ಬೆರಳಿಟ್ಟು ಎಣಿಸಿದಳು. ಇಪ್ಪತ್ತಮೂರು. ಅವಳು ಎಣಿಕೆ ತಪ್ಪುವವಳಲ್ಲ. ಹಾಗಾದರೆ ಇನ್ನೊಂದು ಟ್ಯೂಬು ಯಾರದು?

ಆಗ ಕಣ್ಣ ಮುಂದೆ ಬಂತು. ಅರ್ಧ ಗಂಟೆಯಾದ ಮೇಲೆ ಸ್ಟ್ಯಾಂಡು ಮೇಲೆತ್ತುವಾಗ ಕೊನೆಯ ತೂತಿನಲ್ಲಿ 'ನಾನು' ಎಂದು ಬರೆದ ಟ್ಯೂಬು ಕಂಡಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ದೊಡ್ಡ ಡಾಕ್ಟರ ಧ್ವನಿ. ಬಾಯಿ ಅವರಿಗೆ ಉತ್ತರ ಕೊಡುತ್ತಿತ್ತು; ಕೈ ಆ ಟ್ಯೂಬನ್ನು ಎತ್ತಿ ಐಸಿನ ಬಟ್ಟಲಿಗೆ ಇಟ್ಟಿತ್ತು. ಕೈಗೆ ಎರಡೂ ಮೇಜಿನ ಅಭ್ಯಾಸ. ಹಳೆಯ ಅಭ್ಯಾಸ ಅದನ್ನು ಬಿಸಿನೀರಿಗೆ ಇಳಿಸಿತ್ತು, ಹೊಸ ಅಭ್ಯಾಸ ಎತ್ತಿ ತಣ್ಣಗೆ ಮಾಡಿತ್ತು. ನಡುವೆ ತಲೆ ಎಲ್ಲೂ ಇರಲಿಲ್ಲ.

ಎರಡನೇ ಸ್ಲೈಡಿಗೆ ಹೋದದ್ದು ಬೂದಿ ಸತ್ತ ಸೀರಮ್. ಅದರಲ್ಲಿ ಯಾರ ಕಣ ತಾನೆ ಹೊಟ್ಟೆ ತುಂಬ ತಿಂದೀತು? ಮೂರನೇ ಸ್ಲೈಡು ಮಾಡಿದ್ದರೆ ಅವಳದೇ ಕಣ ಉಪವಾಸ ಬಿದ್ದು ಆ ಕ್ಷಣವೇ ಕೂಗಿ ಹೇಳುತ್ತಿತ್ತು. ಮಾಡಿರಲಿಲ್ಲ.

ಮಗುವಿನ ಕಣ ಸರಿ ಇರಬಹುದು. ಇಲ್ಲದೆಯೂ ಇರಬಹುದು. ಗೊತ್ತಿಲ್ಲ ಎಂಬುದೇ ನಿಜವಾಗಿತ್ತು, ಮತ್ತು ವರದಿ ಗೊತ್ತಿದೆ ಎಂದು ಹೇಳುತ್ತಿತ್ತು.

ಗೋಡೆಯ ಗಡಿಯಾರ ಒಂಬತ್ತೂಮುಕ್ಕಾಲು ತೋರಿಸುತ್ತಿತ್ತು. ಚೀಟಿ ಹಿಡಿದುಕೊಂಡೇ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ಅವರು ಕೇಳಿಸಿಕೊಂಡರು. ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಆ ಮಗೂನ ಇವತ್ತು ಮನೆಗೆ ಕಳಿಸ್ತಿದಾರೆ. ಗೊತ್ತಾ ನಿಂಗೆ?"

"ಅದಕ್ಕೇ ಓಡಿ ಬಂದೆ ಸಾರ್. ಇನ್ನೊಂದು ಸಲ ರಕ್ತ ತೆಗೆದು..."

"ತಾಳು. ಒಂದು ಟ್ಯೂಬ್ ಜಾಸ್ತಿ ಬರೆದಿರಬಹುದು. ಚೀಟಿ ತಪ್ಪಿರಬಹುದು."

"ನನ್ನ ಎಣಿಕೆ ತಪ್ಪಲ್ಲ ಸಾರ್. ತಪ್ಪಿದ್ದು ಕೈ."

"ಮೀಟಿಂಗಲ್ಲಿ ಹೇಳಾಗಿದೆ. ತಾಯಿಗೆ ಹೇಳಾಗಿದೆ. ಈಗ ಹೋಗಿ ತಪ್ಪಾಯ್ತು ಅಂದ್ರೆ ನಾಳೆಯಿಂದ ಈ ಲ್ಯಾಬಿನ ಯಾವ ವರದಿನ ಯಾರು ನಂಬ್ತಾರೆ? ನಿನ್ನೊಬ್ಬಳ ಮಾತಲ್ಲ ಇದು. ನನ್ನ ಸಹಿ ಇದೆ ಅದರಲ್ಲಿ."

"ಸಹಿ ಇರೋದಕ್ಕೇ ಜನ ನಂಬಿರೋದು ಸಾರ್."

ಅವರು ಕಿಟಕಿಯ ಕಡೆ ತಿರುಗಿದರು. ಬೇಡ ಎನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಹೀಗೆ ಕಿಟಕಿಯ ಕಡೆ ತಿರುಗುವವರು ಪ್ರತಿ ಕಚೇರಿಯಲ್ಲೂ ಇದ್ದಾರೆ; ಅವರಲ್ಲಿ ಮುಕ್ಕಾಲು ಪಾಲು ಒಳ್ಳೆಯವರೇ. ಲೋಕದ ಅರ್ಧ ಅನ್ಯಾಯ ನಡೆಯುವುದು ಒಳ್ಳೆಯವರ ಬೆನ್ನ ಹಿಂದೆಯೇ. ಎಣಿಕೆಯಕ್ಕ ಆ ಬೆನ್ನನ್ನು ಒಂದು ಗಳಿಗೆ ನೋಡಿದಳು. ಹಿಂದಿರುಗಿ ಲ್ಯಾಬಿಗೆ ಹೋಗಿ ಬಾಯಿ ಮುಚ್ಚಿಕೊಂಡು ಕೂತಿದ್ದರೆ ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಚೀಟಿ ಹರಿದು ಹಾಕುವ ದಿನವೇ ಅದು.

ಮೆಟ್ಟಿಲು ಹತ್ತಿದಳು. ಎರಡು ಮಹಡಿ, ನಲವತ್ತನಾಲ್ಕು ಮೆಟ್ಟಿಲು. ಅಂಥ ಹೊತ್ತಿನಲ್ಲೂ ಎಣಿಸಿದ್ದಳು.

ವಾರ್ಡಿನಲ್ಲಿ ಮಂಚ ಖಾಲಿ, ಹಾಸಿಗೆಯ ಬಟ್ಟೆ ತೆಗೆದಾಗಿತ್ತು. ನರ್ಸು ಔಷಧಿ ಕೊಡುವ ಕಿಟಕಿಯ ಕಡೆ ಕೈ ತೋರಿಸಿದಳು. ಸಾಲಿನಲ್ಲಿ ಇಸ್ತ್ರಿಯವಳು ನಿಂತಿದ್ದಳು. ಕಾಲ ಬಳಿ ಬಟ್ಟೆಗಂಟು, ಹೆಗಲ ಮೇಲೆ ಮಗು. ಹನ್ನೆರಡರ ಬಸ್ಸಿಗೆ ಹೊರಟವಳು.

"ಅಮ್ಮಾ, ಸ್ವಲ್ಪ ಈ ಕಡೆ ಬಾ."

"ಸಾಲು ಬಿಟ್ರೆ ಮತ್ತೆ ಹಿಂದೆ ನಿಲ್ಬೇಕು ಮೇಡಂ."

"ನಾನು ತಪ್ಪು ಮಾಡಿದೀನಿ."

ಸಾಲಿನಲ್ಲಿದ್ದ ನಾಲ್ಕೈದು ತಲೆಗಳು ತಿರುಗಿದವು. ಮೂಲೆಗೆ ಕರೆದುಕೊಂಡು ಹೋಗಿ ಪಿಸುಗುಟ್ಟಬೇಕೆಂದುಕೊಂಡಿದ್ದಳು. ಗಂಟಲಿಗೆ ಅಷ್ಟು ಪುರುಸೊತ್ತಿರಲಿಲ್ಲ. ಎಲ್ಲರೆದುರೇ ಹೇಳಿದಳು. ಟ್ಯೂಬು, ಬಿಸಿನೀರು, ಬಿಟ್ಟುಹೋದ ಸ್ಲೈಡು. ಇಸ್ತ್ರಿಯವಳಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ.

"ಅಂದ್ರೆ... ಇವಳಿಗೇನೂ ಆಗಿಲ್ವಾ?"

"ಹಾಗೆ ಹೇಳೋಕಾಗಲ್ಲ. ನನಗೆ ಗೊತ್ತಿಲ್ಲ. ಗೊತ್ತಿದೆ ಅಂತ ಬರೆದುಬಿಟ್ಟೆ."

ಇಸ್ತ್ರಿಯವಳು ಮಗುವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದಳು. ಮುಖ ಕೆಂಪಗಾಯಿತು.

"ಮೂರು ದಿನ. ಮೂರು ದಿನದಿಂದ ನಾನು ಇದರ ಮುಖ ನೋಡಿ ನೋಡಿ ಅತ್ತಿದೀನಿ. ಇದಕ್ಕೆ ಹಾಕೋ ಬಟ್ಟೆ ಒಂದೊಂದೇ ಮಡಿಸುವಾಗ ಏನೇನು ಅಂದ್ಕೊಂಡೆ ಅಂತ ನಿಮಗೆ ಗೊತ್ತಾ? ನೀವೀಗ ಬಂದು ತಪ್ಪಾಯ್ತು ಅಂತೀರಾ?"

"ಅಂತೀನಿ."

"ಮತ್ತೆ ಸೂಜಿ ಚುಚ್ಚಬೇಕಾ?"

"ಚುಚ್ಚಬೇಕು. ಮೂರು ಗಂಟೆ ಹಿಡಿಯತ್ತೆ. ಬಸ್ಸು ಹೋಗತ್ತೆ."

"ಈ ಸಲಾನೂ ತಪ್ಪಾದ್ರೆ?"

"ಈ ಸಲ ಮೂರನೇದೂ ಮಾಡ್ತೀನಿ. ತಪ್ಪಾದ್ರೆ ಅದು ಹೇಳತ್ತೆ."

ಇಸ್ತ್ರಿಯವಳು ಬಗ್ಗಿ ಗಂಟು ಎತ್ತಿಕೊಂಡಳು. ಹೊರಟೇಬಿಟ್ಟಳು ಎಂದುಕೊಂಡಳು ಎಣಿಕೆಯಕ್ಕ. ಆದರೆ ಅವಳು ನಡೆದದ್ದು ನೆಲಮಾಳಿಗೆಯ ಮೆಟ್ಟಿಲಿನ ಕಡೆಗೆ. "ನಡೀರಿ. ನೀವು ಮಾಡೋದನ್ನ ನಾನು ಅಲ್ಲೇ ಕೂತು ನೋಡ್ತೀನಿ."

ಕೂತಳು. ಮೂರು ಗಂಟೆ ಲ್ಯಾಬಿನ ಸ್ಟೂಲಿನ ಮೇಲೆ ಅಲುಗಾಡದೆ ಕೂತಳು. ಎಣಿಕೆಯಕ್ಕ ಬಿಸಿನೀರಿನ ಪೆಟ್ಟಿಗೆಯ ಮುಚ್ಚಳಕ್ಕೆ ಅಡ್ಡಪಟ್ಟಿ ಅಂಟಿಸಿದಳು, ತನ್ನ ಕೈಯ ಮೇಲೆ ತನಗೇ ಭರವಸೆ ಇಲ್ಲದೆ. ಮಗುವಿನ ಟ್ಯೂಬು ಐಸಿಗೆ. ತನ್ನ ಟ್ಯೂಬು ಐಸಿಗೆ. "ಇದು ಐಸಿಗೆ ಹೋಯ್ತು, ನೋಡಿದೆಯಾ?" ಎಂದು ಕೇಳಿದಳು. "ನೋಡಿದೆ," ಎಂದಳು ಇಸ್ತ್ರಿಯವಳು, ಕೋರ್ಟಿನಲ್ಲಿ ಸಾಕ್ಷಿ ಹೇಳುವವಳ ಹಾಗೆ.

ಕಾಯುವ ಅರ್ಧ ಗಂಟೆಯಲ್ಲಿ ಎಣಿಕೆಯಕ್ಕ ತಾಯಿಯ ಮೀನಿನ ಕಥೆ ಹೇಳಿದಳು. ಬೂದಿ, ಕೈ, ಜಾರುವ ಮೈ. ಇಸ್ತ್ರಿಯವಳು ಗಮನ ಕೊಟ್ಟು ಕೇಳಿದಳು.

"ಅಂದ್ರೆ ನನ್ನ ಮಗಳ ಕೈ ಸರಿಯಿದ್ದು ಬೂದಿ ಇಲ್ದೆ ಇರಬಹುದು."

"ಇರಬಹುದು."

"ಬೂದಿ ಬೇರೆಯವರ ಮನೆಯಿಂದ ತರಬಹುದಾ?"

ದೊಡ್ಡ ಡಾಕ್ಟರ ಮೀಟಿಂಗಿನಲ್ಲಿ ಒಬ್ಬರೂ ಕೇಳದಿದ್ದ ಪ್ರಶ್ನೆ ಅದು.

ಮೊದಲು ಎಣಿಸಿದ್ದು ಮೂರನೇ ಸ್ಲೈಡನ್ನೇ. ತನ್ನ ಕಣ, ತನ್ನ ಸೀರಮ್: ನೂರಕ್ಕೆ ತೊಂಬತ್ತೆರಡು. ಲ್ಯಾಬು ಸರಿಯಿದೆ. ಮಗುವಿನ ಕಣ, ಮಗುವಿನ ಸೀರಮ್: ನೂರಕ್ಕೆ ಆರು. ಇನ್ನು ಉಳಿದದ್ದು ಒಂದು. ಕೌಂಟರು ಟಕ್ ಎಂದಿತು, ಟಕ್ ಟಕ್ ಎಂದಿತು. ನೇರಳೆ ಬಣ್ಣ ಹೀರಿದ ದುಂಡು ಕಣಗಳು, ಒಂದೊಂದರ ಹೊಟ್ಟೆಯಲ್ಲೂ ಎರಡು, ಮೂರು, ನಾಲ್ಕು ಯೀಸ್ಟು, ಮದುವೆ ಊಟ ಮಾಡಿ ಬಂದವರ ಹಾಗೆ. ಐವತ್ತು ದಾಟುವಾಗ ಕಣ್ಣು ಮಂಜಾಯಿತು. ಒರೆಸಿಕೊಂಡಳು. ಅಲ್ಲಿಗೇ ಸಾಕು ಎನ್ನಬಹುದಿತ್ತು. ನೂರೂ ಎಣಿಸಿದಳು.

"ಎಂಬತ್ತೆಂಟು," ಎಂದಳು.

"ಅಂದ್ರೆ?"

"ಅಂದ್ರೆ ನಿನ್ನ ಮಗಳ ಕೈ ಸರಿಯಿದೆ."

ಇಸ್ತ್ರಿಯವಳು ಅಳಲಿಲ್ಲ. ಮಗುವಿನ ಮುಷ್ಟಿ ಬಿಡಿಸಿ ಐದು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದಳು, ಮಾತನ್ನು ಅಕ್ಷರಶಃ ನಂಬಿದವಳ ಹಾಗೆ.

ಹೊಸ ವರದಿಯ ತಲೆಯಲ್ಲಿ ಎಣಿಕೆಯಕ್ಕ ಕೆಂಪು ಶಾಯಿಯಲ್ಲಿ ಬರೆದಳು: ಬುಧವಾರದ ವರದಿ ತಪ್ಪು. ನನ್ನ ಸೀರಮ್ ಬಿಸಿಯಾಗಿತ್ತು. ಮೂರನೇ ಸ್ಲೈಡು ಮಾಡಿರಲಿಲ್ಲ. ತಪ್ಪು ನನ್ನದು. ಕೆಳಗೆ ತನ್ನ ಸಹಿ. ಅದನ್ನು ಮೇಜಿನ ಮೇಲಿಟ್ಟಾಗ ದೊಡ್ಡ ಡಾಕ್ಟರು ಬಹಳ ಹೊತ್ತು ಓದಿದರು. ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಕಿಲ್ಲ. ಆಮೇಲೆ ಪೆನ್ನು ತೆಗೆದು ಅವಳ ಸಹಿಯ ಪಕ್ಕದಲ್ಲೇ ತಾವೂ ಸಹಿ ಹಾಕಿದರು.

ಮಕ್ಕಳ ಡಾಕ್ಟರಮ್ಮ ಮಗುವನ್ನು ಮತ್ತೆ ಮಂಚಕ್ಕೆ ಹಾಕಿಸಿಕೊಂಡರು. ಸೋಮವಾರ ಬೇರೆಯವರ ಮನೆಯಿಂದ ಬೂದಿ ತಂದರು. ರಕ್ತದಿಂದ ಕಣಗಳನ್ನೆಲ್ಲ ತೆಗೆದರೆ ಉಳಿಯುವ ಹಳದಿ ದ್ರವಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಸೀರಮ್ಮಿನ ಸತ್ವವೆಲ್ಲ ಅದರಲ್ಲಿರುತ್ತದೆ. ಯಾವ ಗುಂಪಿನ ಮಗುವಿಗೂ ಒಗ್ಗುವುದು ಎಬಿ ಗುಂಪಿನವರ ಪ್ಲಾಸ್ಮಾ. ಎಣಿಕೆಯಕ್ಕ ತೋಳು ಚಾಚಿ ಮಲಗಿದಳು. ವಿಷಯ ಕೇಳಿದ ನಾದಿನಿ ಮೂರನೇ ದಿನ ಬಂದು, "ಅಂತೂ ಅತ್ತಿಗೆ ಕೈ ಬಿಚ್ಚಿದ್ರು," ಎಂದು ಒಂದು ಚೀಲ ಕಿತ್ತಳೆ ಹಣ್ಣು ಇಟ್ಟುಹೋದಳು.

ಮಗುವಿನ ಜ್ವರ ಇಳಿಯಿತು. ಆ ವರ್ಷ ಇನ್ನೂ ಎರಡು ಸಲ ಪ್ಲಾಸ್ಮಾ ಹಾಕಬೇಕಾಯಿತು. ಎರಡು ವರ್ಷ ತುಂಬುವ ಹೊತ್ತಿಗೆ ಮಗು ಉಳಿದ ಮಕ್ಕಳ ಹಾಗೆ ನೆಲಕ್ಕೆ ಬಿದ್ದದ್ದನ್ನು ಹೆಕ್ಕಿ ತಿಂದು ದಕ್ಕಿಸಿಕೊಳ್ಳುತ್ತಿತ್ತು. ಪ್ಲಾಸ್ಮಾದಿಂದಲೇ ಉಳಿಯಿತೋ, ಬೆಳೆಯುತ್ತ ಮೈ ತಾನಾಗಿಯೇ ಗಟ್ಟಿಯಾಯಿತೋ, ಹೇಳುವುದು ಕಷ್ಟ. ಕೆಲವು ಮಕ್ಕಳಲ್ಲಿ ಹಾಗೂ ಆಗುತ್ತದೆ. "ನಾನು ಉಳಿಸಿದೆ" ಎಂದು ಎಣಿಕೆಯಕ್ಕ ಒಂದು ದಿನವೂ ಹೇಳಲಿಲ್ಲ. ಎಣಿಸಲಾಗದ್ದನ್ನು ಅವಳು ಹೇಳುತ್ತಿರಲಿಲ್ಲ.

ಆಸ್ಪತ್ರೆ ಏನು ಮಾಡಿತು? ಮೆಮೊ ಕೊಟ್ಟಿತು. ಕರ್ತವ್ಯಲೋಪ ಎಂದು ಅವಳ ಸೇವಾ ದಾಖಲೆಯಲ್ಲಿ ಬರೆಯಿತು. ಲೋಪವನ್ನು ಒಪ್ಪಿಕೊಂಡವಳು ಅವಳೊಬ್ಬಳೇ ಆದ್ದರಿಂದ ಆ ಲ್ಯಾಬಿನಲ್ಲಿ ಲೋಪ ಮಾಡಿದವಳೂ ಅವಳೊಬ್ಬಳೇ ಎಂದಾಯಿತು. ನೋಡಿದ ಶಾಸ್ತ್ರ ಮಾಡಿ ಚೀಟಿ ಹರಿದವರೆಲ್ಲ ಮೇಲಕ್ಕೆ ಹೋದರು. ಅವಳು ಸೇರಿದ ಹುದ್ದೆಯಲ್ಲೇ, ಅದೇ ಅರ್ಧ ಕಿಟಕಿಯ ಕೆಳಗೆ, ನಿವೃತ್ತಿಯಾದಳು. ಇದನ್ನು ಓದಿ ಅಯ್ಯೋ ಪಾಪ ಎನ್ನಬೇಡಿ. ನಾಚಿಕೆ ಪಡಿ. ತಪ್ಪು ಒಪ್ಪಿಕೊಂಡವರನ್ನು ಹಣಿದು, ತಿಪ್ಪೆ ಸಾರಿಸಿದವರಿಗೆ ಹಾರ ಹಾಕುವ ಕಚೇರಿಗಳಲ್ಲಿ ಸಂಬಳ ಎಣಿಸುತ್ತಿರುವವರು ನೀವೇ.

ಇಸ್ತ್ರಿಯವಳು ಆಸ್ಪತ್ರೆಯ ಹಿಂದಿನ ರಸ್ತೆಗೆ ಅಂಗಡಿ ಬದಲಿಸಿದ್ದಳು. ಮಗುವಿಗೆ ಹುಷಾರು ತಪ್ಪಿದರೆ ಹತ್ತಿರವಿರಲಿ ಎಂದು. ಎಣಿಕೆಯಕ್ಕನ ಬಿಳಿ ಕೋಟು ವಾರಕ್ಕೊಮ್ಮೆ ಅಲ್ಲಿಗೇ ಹೋಗುತ್ತಿತ್ತು. ಅವಳು ಕ್ಷಮಿಸಿದಳೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ನಗುತ್ತಿದ್ದಳು, ಮಗಳ ಶಾಲೆಯ ಸುದ್ದಿ ಹೇಳುತ್ತಿದ್ದಳು, ಕೊರಳಪಟ್ಟಿಯನ್ನು ಗರಿಗರಿಯಾಗಿ ತೀಡುತ್ತಿದ್ದಳು. ಆದರೆ ಕೋಟನ್ನು ಕೈಗೆ ಕೊಡುವ ಮೊದಲು ಒಂದು ಗಳಿಗೆ ಹಿಡಿದುಕೊಳ್ಳುವಳು.

"ಮೂರನೇದು ಮಾಡಿದ್ರಾ ಅಕ್ಕಾ ಈ ವಾರ?"

"ಮಾಡಿದೆ ಕಣೇ."

"ಎಲ್ಲಾ ದಿನಾನೂ?"

"ಎಲ್ಲಾ ದಿನಾನೂ."

ಆಗ ಕೋಟು ಬಿಡುವಳು. ಹತ್ತೊಂಬತ್ತು ವರ್ಷ ಇದು ನಡೆಯಿತು. ಯಾವ ಮೆಮೊಗೂ ಇಲ್ಲದ ತೂಕ ಆ ಒಂದು ಪ್ರಶ್ನೆಗಿತ್ತು. "ನಿನ್ನ ಪಕ್ಕದ ಸೀಟಿನ ಬ್ರೇಕು ಇಸ್ತ್ರಿ ಅಂಗಡೀಲಿದೆ," ಎಂದು ಮೇಷ್ಟ್ರು ನಗುತ್ತಿದ್ದ. ಎಣಿಕೆಯಕ್ಕ ಅಲ್ಲಗಳೆಯುತ್ತಿರಲಿಲ್ಲ.

ಈಗ ಆ ನೆಲಮಾಳಿಗೆಯಲ್ಲಿ ಮುರಿದ ಗಾಲಿಕುರ್ಚಿಗಳನ್ನು ಒಟ್ಟಿದ್ದಾರೆ. ಎಣಿಸುವ ಕೆಲಸ ಮೇಲಿನ ಮಹಡಿಯ ಯಂತ್ರದ್ದು. ಯಂತ್ರ ಚೆನ್ನಾಗಿಯೇ ಎಣಿಸುತ್ತದೆ, ಕೆಮ್ಮುವುದಿಲ್ಲ, ಕಣ್ಣೂ ಮಂಜಾಗುವುದಿಲ್ಲ. ಅರ್ಧ ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದಾರೆ, ಕಾಲುಗಳು ಕಾಣುವುದಿಲ್ಲ. ಎಣಿಕೆಯಕ್ಕ ಕೆಲವೊಮ್ಮೆ ಸಂಜೆ ಆ ರಸ್ತೆಯಲ್ಲಿ ನಡೆದು ಹೋಗುತ್ತಾಳೆ. ಕಿಟಕಿಯ ಬಳಿ ಬಂದಾಗ ಹೆಜ್ಜೆ ನಿಧಾನವಾಗುತ್ತದೆ. ಒಳಗಿನಿಂದ ಯಾರೋ ತನ್ನ ಚಪ್ಪಲಿಯ ಗುರುತು ಹಿಡಿದಾರು ಎನ್ನುವ ಹಾಗೆ. ಯೀಸ್ಟು ಕುದಿಯುವ ವಾಸನೆ ಮೂಗಿಗೆ ಬಂದಂತಾಗುತ್ತದೆ. ಬಂದಿರುವುದಿಲ್ಲ.

ಬಿಳಿ ಕಣಕ್ಕೆ ಕಣ್ಣಿಲ್ಲ, ಯಾರಾದರೂ ಬೂದಿ ಸವರಿ ಕೊಡಬೇಕು. ನಿಮ್ಮ ತಪ್ಪು ನಿಮಗೆ ಹಿಡಿತಕ್ಕೆ ಸಿಗುವುದೂ ಹಾಗೆಯೇ. ಅದರ ಮೈಯೂ ಜಾರುತ್ತದೆ. ನೀವು ಅಡುಗೆ ಮಾಡುವವರಿರಬಹುದು, ಪಾಠ ಹೇಳುವವರಿರಬಹುದು, ತಂತಿ ಎಳೆಯುವವರು, ತೀರ್ಪು ಬರೆಯುವವರು ಇರಬಹುದು. ಯಾವಾಗಲೂ ಸರಿಯೇ ಇರುತ್ತದೆ ಎಂದು ನೀವು ಮಾಡದೆ ಬಿಟ್ಟ ಮೂರನೇ ಸ್ಲೈಡು ಒಂದಿದೆ. ಯಾವುದೆಂದು ನಿಮಗೆ ಗೊತ್ತು. ಈ ಸಾಲು ಓದುವಾಗಲೇ ನೆನಪಾಗಿದೆ. ಪತ್ರಿಕೆ ಮಡಿಸಿಡಿ. ಹೋಗಿ, ಇವತ್ತೇ ಅದನ್ನು ಮಾಡಿ. ತಪ್ಪು ಕಂಡರೆ ನಿಮ್ಮ ಕೈಯಾರೆ ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ.